ಯಾತರ ಮಾಫಿ, ಶಫೀಸಾಬ?

ಏಪ್ರಿಲ್ ೭

ಶಾಲೆಯಲ್ಲಿ ಕೆಲಸದಲ್ಲಿದ್ದಷ್ಟು ವರ್ಷವೂ ಮಕ್ಕಳಿಗೆ "ದಿನಚರಿ ಬರೆಯಿರಿ, ಬುದ್ಧಿ ಚುರುಕಾಗುತ್ತದೆ" ಎಂದು ಬಡಿದುಕೊಂಡವಳು ನಾನು. ನಿವೃತ್ತಿಯಾದ ಮೇಲೆ ಬುದ್ಧಿ ಚುರುಕಾಗಿಟ್ಟುಕೊಳ್ಳುವ ಅಗತ್ಯವೇ ಬೀಳಲಿಲ್ಲ, ಹಾಗಾಗಿ ನಾನೂ ಬರೆಯಲಿಲ್ಲ. ಇವತ್ತು ಬಿದ್ದಿದೆ.

ನನ್ನ ಮೈದುನ ಶಫೀಸಾಬ ಮತ್ತು ಅವನ ಹೆಂಡತಿ ಮೆಹಬೂಬಬೀಗೆ ಹಜ್ ಯಾತ್ರೆಯ ಸೀಟು ಬಂದಿದೆ. ಮೇ ಮೊದಲ ವಾರ ಬೆಂಗಳೂರಿನಿಂದ ವಿಮಾನ. ಹಜ್‌ಗೆ ಹೋಗುವವರು ಮುಂಚೆ ಬಂಧುಬಳಗ, ನೆರೆಹೊರೆ, ಗಿರಾಕಿ, ಎಲ್ಲರ ಮನೆಗೂ ಹೋಗಿ ಮಾಫಿ ಕೇಳುವುದು ನಮ್ಮಲ್ಲಿ ಪದ್ಧತಿ. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಮಾಫ್ ಮಾಡಬೇಕು, ಅದರಲ್ಲಿ ಅಲ್ಲಾಹ ಕೈ ಹಾಕುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಕೇಳಿಸಿಕೊಂಡವರು "ಮಾಫ್, ಮಾಫ್" ಎಂದು ಚಹಾ ಕೊಟ್ಟು ಕಳಿಸುತ್ತಾರೆ. ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ.

ನಾನು ಕೇಳಿದೆ.

"ಭಾಬಿ, ಹೇಳಿದ್ದು ಕೇಳಿದ್ದು, ತಿಳಿದದ್ದು ತಿಳೀಲಾರದ್ದು, ಎಲ್ಲಾ ಮಾಫ್ ಮಾಡ್ರಿ" ಎಂದು ಅವನು ಕೈ ಜೋಡಿಸಿದ.

"ಯಾತಕ್ಕ?"

"ಹಂಗೇನಿಲ್ರಿ. ಒಟ್ಟಾರೆ."

"ಒಟ್ಟಾರೆ ಅಂಬೋದು ನನ್ನ ಹತ್ರ ಇಲ್ಲ ಶಫೀಸಾಬ. ಲೆಕ್ಕದ ಪರೀಕ್ಷಾದಾಗ 'ಒಟ್ಟಾರೆ ಪಾಸ್ ಮಾಡ್ರಿ ಅಕ್ಕೋರ' ಅಂದೋರನ್ನೂ ನಾ ಪಾಸ್ ಮಾಡಿಲ್ಲ. ಯಾತಕ್ಕ ಅಂತ ಹೇಳು, ಆಮ್ಯಾಲೆ ನೋಡೂಣು."

ಅವನು ಟೋಪಿ ತೆಗೆದ, ಒರೆಸಿಕೊಂಡ, ಮತ್ತೆ ಹಾಕಿಕೊಂಡ. ಚಹಾ ಅರ್ಧಕ್ಕೇ ಬಿಟ್ಟು ಹೋದ.

ಯಾತಕ್ಕೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನಾವು ನದಾಫರು, ಹತ್ತಿಯನ್ನು ಪಿಂಜಿ, ಎಂದರೆ ಎಳೆ ಬಿಡಿಸಿ ಹಗುರ ಮಾಡಿ, ಗಾದಿ ಹೊಲಿಯುವ ಜನ. ನನ್ನವರು ಉಮರಸಾಬರು ಇಲ್ಲೇ ಕುಷ್ಟಗಿಯಲ್ಲಿ ಗಾದಿ ಅಂಗಡಿ ಇಟ್ಟಿದ್ದರು, ಈಗ ಅದನ್ನು ಶಫೀಸಾಬ ನಡೆಸುತ್ತಾನೆ. ಮಗಳು ನಿಶಾತಳ ಮದುವೆಯ ಗಾದಿಗೆಂದು ಎರಡು ಸುಗ್ಗಿ ಹೊಲಹೊಲ ತಿರುಗಿ ಜವಾರಿ ಹತ್ತಿ ಕೂಡಿಸಿದ್ದರು. ಈಗಿನ ಬೀಟಿ ಹತ್ತಿಯಲ್ಲ. ಮುಟ್ಟಿದರೆ ಎಳೆಗರು ಮೂತಿ ತಾಗಿಸಿದಂತೆ ಇರುವ ಹಳೆಯ ಹತ್ತಿ. ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನೆದುರಿಗೇ ತಮ್ಮನ ಕೈ ಹಿಡಿದು, "ಆ ಎರಡು ಚೀಲ ನಿಶಾತಂದು. ನಿನ್ನ ಹತ್ರ ಅಮಾನತ್ ಇಟ್ಟೀನಿ" ಎಂದರು. ನಂಬಿ ಒಪ್ಪಿಸಿದ ವಸ್ತು ಅಮಾನತ್. ಅದನ್ನು ಯಾರಿಗಾಗಿ ಇಟ್ಟರೋ ಅವರಿಗೇ ಮುಟ್ಟಿಸಬೇಕು.

ಅವರು ಹೋದರು. ಎರಡು ವರ್ಷಕ್ಕೆ ನಿಶಾತಳ ಮದುವೆಯಾಯಿತು. ಶಫೀಸಾಬ ಹೂವಿನ ಬಟ್ಟೆಯ ಗಾದಿ ಹೊಲಿದು ತಂದ. ನಾನು ಅದರ ಮೇಲೆ ಕೂತೆ. ಕೂತ ಕೂಡಲೇ ಗೊತ್ತಾಯಿತು: ಮಿಲ್ಲಿನಲ್ಲಿ ಉಳಿಯುವ ಕಸದ ಹತ್ತಿ. ಗಾದಿಯವರ ಮನೆ ಹೆಣ್ಣಿಗೆ ಗಾದಿಯಲ್ಲಿ ಮೋಸ! ಮದುವೆ ಮನೆ ಎಂದು ಬಾಯಿ ಮುಚ್ಚಿಕೊಂಡೆ. ಹತ್ತು ವರ್ಷ ಮುಚ್ಚಿಕೊಂಡೇ ಇದ್ದೇನೆ. ಜವಾರಿ ಹತ್ತಿಯನ್ನು ಯಾವುದೋ ಸಾಹುಕಾರನ ಮಗಳಿಗೆ ಮಾರಿಕೊಂಡಿದ್ದಾನೆ, ಈಗ ಅದನ್ನೆಲ್ಲ 'ಒಟ್ಟಾರೆ'ಯಲ್ಲಿ ಸುತ್ತಿಕೊಂಡು ಮಕ್ಕಾಕ್ಕೆ ಹೊರಟಿದ್ದಾನೆ.

ಬಿಡುವುದಿಲ್ಲ. ಅವನ ಬಾಯಿಂದಲೇ ಬರಬೇಕು.

ಏಪ್ರಿಲ್ ೯

ಮತ್ತೆ ಬಂದಿದ್ದ.

"ಭಾಬಿ, ನೆನಪಾತು. ಅಣ್ಣ ಇದ್ದಾಗ ನಿಮ್ಮ ಉಪ್ಪಿನಕಾಯಿ ಭರಣಿ ಬೆಕ್ಕು ಕೆಡವಿತು ಅಂದಿದ್ನಲ್ಲ? ಬೆಕ್ಕಲ್ರಿ ಅದು. ನಾನ."

"ಆ ಬೆಕ್ಕಿಗೆ ನಾ ವಾರಗಟ್ಟಲೆ ಹಾಲು ಬಂದ್ ಮಾಡಿದ್ದೆ."

"ಅದಕ್ಕೂ ಸೇರ್ಸಿ ಮಾಫ್ ಮಾಡ್ರಿ."

"ಭರಣಿದು ಮಾಫ್. ಬೆಕ್ಕಿಂದು ಬೆಕ್ಕನ್ನ ಕೇಳು."

"ಬೆಕ್ಕು ಸತ್ತೈತಲ್ರಿ ಭಾಬಿ!"

"ಅದಕ್ಕ ನಾ ಏನ್ ಮಾಡ್ಲಿ?"

ಇವತ್ತು ಚಹಾ ಪೂರ್ತಿ ಕುಡಿದ. ಆದರೆ ಹೊರಡುವಾಗ ಮುಖ ಮಾತ್ರ ಒಡೆದ ಭರಣಿಯಂತೆ ಆಗಿತ್ತು.

ಏಪ್ರಿಲ್ ೧೨

ಓಣಿಯಲ್ಲಿ ಸುದ್ದಿಯಾಗಿದೆ. ನಮ್ಮ ಸಾಲಿಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹುಲಿಗವ್ವ ಬೆಳಿಗ್ಗೆಯೇ ಬಂದು ಹೊಸ್ತಿಲಲ್ಲಿ ಕೂತಳು. ಅವಳು ಬಂದು ಕೂತರೆ ಊರಿನ ಸುದ್ದಿಯೆಲ್ಲ ಒಳಗೆ ಬಂದಂತೆ.

"ಅಕ್ಕೋರ, ಶಫೀಸಾಬರು ನನ್ನನ್ನೂ ಮಾಫಿ ಕೇಳಿದ್ರು. ನೀವು 'ಯಾತಕ್ಕ' ಅಂದ್ರಂತಲ್ಲ, ನಾನೂ ಯಾತಕ್ಕ ಅಂದೆ. 'ಹುಲಿಗವ್ವಾ, ನಿನ್ನ ತೆಲಿದಿಂಬಿಗೆ ಹತ್ತಿ ಒಂಚೂರು ಕಮ್ಮಿ ತುಂಬಿದ್ದೆ' ಅಂದ್ರು. ಇವತ್ತ ಹೊಸಾ ದಿಂಬು ಹೊಲಿದು ಕೊಟ್ಟಾರ. ಏನ್ ಮೆತ್ತಗ ಐತ್ರಿ!"

ಇವಳು ಇದನ್ನು ಎಲ್ಲರಿಗೂ ಹೇಳಿದ್ದಾಳೆ. ಈಗ ಓಣಿಯ ತುಂಬ ಯಾರೂ ಸುಮ್ಮನೆ ಮಾಫ್ ಅನ್ನುತ್ತಿಲ್ಲ. ಬಡಿಗ ಮಾರೆಪ್ಪನೂ ಯಾತಕ್ಕ ಅಂದು ಒರಗಿ ಕೂರುವ ಒಂದು ಲೋಡು ಗಿಟ್ಟಿಸಿಕೊಂಡನಂತೆ. ಯಾತ್ರೆಗೆ ಹೊರಟ ಮನುಷ್ಯ ದಿನವಿಡೀ ಅಂಗಡಿಯಲ್ಲಿ ಕೂತು ಹಳೆಯ ತಪ್ಪುಗಳನ್ನು ಹೊಲಿಯುತ್ತಿದ್ದಾನೆ.

ಮಧ್ಯಾಹ್ನ ಮೆಹಬೂಬಬೀ ಬಂದಳು. ಅವಳು ಕೂರಲಿಲ್ಲ.

"ಎಲ್ಲಾರೂ ಬಟ್ಟಿ-ಬರೆ ಕಟ್ಟಾಕತ್ಯಾರ, ನಮ್ಮವರು ದಿಂಬು ಹೊಲ್ಯಾಕತ್ಯಾರ. ನಿಮ್ಮ ಒಂದು ಮಾತಿನಿಂದ ಊರಿಗೆಲ್ಲ ನಾಲಿಗಿ ಬಂದೈತಿ. ಅಕ್ಕಾ, ಒಂದು ಮಾಫ್ ಅಂದ್ರ ನಿಮ್ಮ ಗಂಟೇನು ಹೋಗ್ತೈತಿ?"

"ಗಂಟು ಯಾರದು ಹೋಗೈತಿ ಅಂತ ನಿನ್ನ ಗಂಡನ್ನ ಕೇಳು."

ಅವಳಿಗೆ ನಿಜವಾಗಿ ಏನೂ ಗೊತ್ತಿಲ್ಲ. ಮುಖ ನೋಡಿದರೆ ತಿಳಿಯುತ್ತದೆ. ಪಾಪ ಅನ್ನಿಸಿತು, ಆದರೆ ಹೇಳಲಿಲ್ಲ.

ಸಂಜೆ ಗಂಗಾವತಿಯಿಂದ ನಿಶಾತಳ ಫೋನು. "ಅಮ್ಮಿ, ಬಂದು ನಾಕು ದಿನ ಇರು." ನನಗೆ ಬೇರೆ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದೆ. ಯಾವಾಗಲೂ ಹಾಗೇ ಹೇಳುತ್ತೇನೆ. ಬೆಳಿಗ್ಗೆ ಹೋಗುತ್ತೇನೆ, ಊಟ ಮಾಡುತ್ತೇನೆ, ಐದರ ಬಸ್ಸಿಗೆ ವಾಪಸ್. ಉಳಿದರೆ ಆ ಹೂವಿನ ಗಾದಿಯ ಮೇಲೆಯೇ ಮಲಗಿಸುತ್ತಾಳೆ. ನನ್ನವರ ಕೊನೆಯ ಮಾತನ್ನು ಕಸ ಮಾಡಿದ ಗಾದಿಯ ಮೇಲೆ ನನ್ನ ಬೆನ್ನು ಇಡಲಾರೆ. ಇದನ್ನು ಮಗಳಿಗೆ ಹೇಗೆ ಹೇಳುವುದು?

ಏಪ್ರಿಲ್ ೧೫

ಇವತ್ತು ಎರಡು ಮಾಫ್ ಕೊಟ್ಟೆ. ಒಂದು, ನನ್ನವರ ರೇಡಿಯೋ ತಾನಾಗಿ ಕೆಟ್ಟದ್ದಲ್ಲ, ಇವನು ಬಿಚ್ಚಿ ನೋಡಿದ್ದು. ಇನ್ನೊಂದು, ನಿಶಾತಳ ಅತ್ತೆಮನೆಯವರ ಮುಂದೆ ನಾನು ಛಲೋ ಅಡುಗೆ ಮಾಡುತ್ತೇನೆಂದು ಸುಳ್ಳು ಹೇಳಿದ್ದು.

"ಅದು ಸುಳ್ಳೇನು?" ಎಂದೆ.

"ಅವಾಗ ಸುಳ್ಳಿತ್ರಿ" ಎಂದು ಎರಡನೇ ಸಲ ಸುಸಲಾ ಹಾಕಿಸಿಕೊಂಡ. ಮಂಡಕ್ಕಿ ಒಗ್ಗರಣೆ ಹಾಕಿದ್ದೆ, ಜೊತೆಗೆ ಮಿರ್ಚಿ. ಅವನಿಗಾಗಿ ಅಲ್ಲ. ಎಣ್ಣೆ ಹೇಗೂ ಕಾದಿತ್ತು.

ಮಾತಿನ ನಡುವೆ ನನ್ನ ಓರಗೆಯ ಮಾಸ್ತರರೆಲ್ಲ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡಿದ್ದಾರೆ, ನನಗೆ ನೋಡು ಒಂದು ನೋವಿಲ್ಲ ಎಂದೆ. ನಿಜವೇ. ನನ್ನವರು ಹೋದಾಗ ಸೊಂಟ ಹಿಡಿದು, ನಮಾಜಿಗೆ ಬಾಗಿದರೆ ಏಳಲು ಗೋಡೆ ಹಿಡಿಯಬೇಕಿತ್ತು. ದುಃಖ ಇಳಿದಂತೆ ಅದೂ ಇಳಿಯಿತು. "ನಿಮ್ಮಣ್ಣನ ಹಳೇ ಗಾದಿ ಇನ್ನೂ ಬೆಣ್ಣಿಯಂಗ ಐತಿ. ಅವರ ಕೈಗುಣ. ನಿಮಗ್ಯಾರಿಗೂ ಅದು ಬರಲಿಲ್ಲ" ಎಂದು ಚುಚ್ಚಿದೆ.

ಶಫೀಸಾಬ ಮಿರ್ಚಿ ಕಚ್ಚಿದವನು ಹಾಗೇ ಕೂತ. ಕಣ್ಣಲ್ಲಿ ನೀರು. ಖಾರ ಹೆಚ್ಚಾಗಿತ್ತೇನೋ.

ಏಪ್ರಿಲ್ ೧೮

ಇವತ್ತು ಖಲಂದರ ಕರಿ ಕೋಟಿನಲ್ಲೇ ಬಂದ. ಶಫೀಸಾಬನ ಮಗ, ಇಲ್ಲಿನ ಕೋರ್ಟಿನಲ್ಲಿ ವಕೀಲ. ಮೂರನೇ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಕಲಿತವನು. ಈಗಲೂ ನಾನು ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಾನೆ. ಒಂದು ಕೈಯಲ್ಲಿ ಮೆಹಬೂಬಬೀ ಕಳಿಸಿದ ಬಿರಿಯಾನಿ ಡಬ್ಬಿ, ಇನ್ನೊಂದರಲ್ಲಿ ಸ್ಟಾಂಪ್ ಪೇಪರಿನ ಮೇಲೆ ಹಕ್ಕು ಖುಲಾಸೆ ಪತ್ರ.

ಓದಿದೆ. "ಸದರಿ ಶಫೀಸಾಬ ಇವರ ವಶದಲ್ಲಿಟ್ಟ ಯಾವತ್ತೂ ಅಮಾನತ್ತುಗಳ ಬಾಬತ್ತು ತಿಳಿದ ಹಾಗೂ ತಿಳಿಯದ, ಇದ್ದ ಹಾಗೂ ಇಲ್ಲದ, ಹಿಂದಿನ ಹಾಗೂ ಮುಂದಿನ ಎಲ್ಲ ತಕರಾರುಗಳನ್ನು ಸ್ವಖುಷಿಯಿಂದ ಬಿಟ್ಟುಕೊಟ್ಟಿರುತ್ತೇನೆ."

"ಮುಂದಿನವೂ? ನಿಮ್ಮಪ್ಪ ಮಕ್ಕಾದಿಂದ ಬಂದ ಮ್ಯಾಲೂ ಏನರ ಮಾಡೋ ವಿಚಾರದಾಗ ಅದಾನೇನು?"

"ಹಂಗ ಬರೆಯೂದು ರೂಢಿ ಐತ್ರಿ ಬಡೀಮಾ."

"ಇದು ಕೋರ್ಟಿನಾಗ ನಿಲ್ತೈತೇನು?"

ಎದ್ದು ನಿಂತ. ಸುಳ್ಳು ಹೇಳಲು ಅವನಿಗೆ ಮೂರನೇ ಇಯತ್ತೆಯಲ್ಲೂ ಬರುತ್ತಿರಲಿಲ್ಲ. "ಖರೇ ಹೇಳ್ಬೇಕಂದ್ರ ಕಷ್ಟ ಐತ್ರಿ. ನಂಬಿ ಕೊಟ್ಟಿದ್ದರಾಗ ತಪ್ಪಿ ನಡದಾರ ಅನ್ನೋ ತಕರಾರನ್ನ ಬಿಡಬೇಕಂದ್ರ, ಬಿಡೋರಿಗೆ ತಾವು ಏನು ಬಿಡಾಕತ್ತೀವಿ ಅಂತ ಪೂರಾ ತಿಳಿದಿರ್ಬೇಕು. ಮುಚ್ಚಿಟ್ಟು ಸಹಿ ಮಾಡಿಸಿಕೊಂಡ್ರ ಅದು ನಿಲ್ಲಂಗಿಲ್ಲ."

"ಮತ್ತ?"

"ಬುದ್ಧಿ ಸ್ಥಿಮಿತದಾಗ ಇರ್ಬೇಕು."

"ನನ್ನದು ಐತಿ?"

"ಐತ್ರಿ" ಎಂದ, ಒಂಚೂರು ತಡಮಾಡಿ.

"ಮತ್ತ?"

"ಯಾರೂ ಒತ್ತಡ ಹಾಕಿರ್ಬಾರದು."

ಇಬ್ಬರೂ ಬಿರಿಯಾನಿ ಡಬ್ಬಿಯ ಕಡೆ ನೋಡಿದೆವು. ಅವನು ಅದನ್ನು ಮೆಲ್ಲಗೆ ಕಿಟಕಿಯ ಕಡೆ ಸರಿಸಿದ.

ಆಮೇಲೆ ನನಗೆ ಸುಮ್ಮನಿರಲಾಗಲಿಲ್ಲ. "ಅವರು ಹೇಳ್ಲಿಲ್ಲ, ಆದ್ರ ಬಿಡೋರಿಗೆ ಬ್ಯಾರೆ ಕಡಿಂದ ಮೊದ್ಲ ಗೊತ್ತಿದ್ರ?" ಎಂದು ಕೇಳಿದೆ.

"ಯಾರು ಹೇಳಿದ್ರು ಅಂಬೋದು ದೊಡ್ಡದಲ್ರಿ. ಎಲ್ಲಾ ಗೊತ್ತಿದ್ದು ಬಿಟ್ರ ಗಟ್ಟಿ ಆತು. ಆದ್ರ ಅಮಾನತ್ ಯಾರ ಸಲುವಾಗಿ ಇತ್ತೋ, ಬಿಡೋರು ಅವರೇ ಇರ್ಬೇಕು. ನಿಮ್ಮದು ಯಾರ ಸಲುವಾಗಿ ಇತ್ತು?"

"ನನ್ನ ಮನೀದು. ನೀ ಸುಮ್ನ ಕೆಳಗ ಕೂಡು."

ಸಹಿ ಮಾಡಲಿಲ್ಲ. ಡಬ್ಬಿ ವಾಪಸ್ ಕಳಿಸಲೂ ಇಲ್ಲ. ಸಹಿ ಮಾಡದೆ ತಿಂದರೆ ಅದು ಒತ್ತಡವಲ್ಲ, ಊಟ.

ಆದರೆ ಗೊತ್ತಿದ್ದು ಬಿಟ್ಟರೆ ಗಟ್ಟಿ ಎಂಬ ಉತ್ತರ ನನಗೆ ಹಿಡಿಸಲಿಲ್ಲ. ನನಗೆ ಗೊತ್ತಿದೆ. ಅಂದರೆ ನಾನು ಮೊದಲ ದಿನವೇ ಮಾಫ್ ಅಂದಿದ್ದರೂ ಅದು ಗಟ್ಟಿಯೇ ಆಗುತ್ತಿತ್ತು. ಮತ್ತೆ ನಾನು ಇಷ್ಟು ದಿನ ಕೂತದ್ದು ಯಾತಕ್ಕೆ? ಖಲಂದರನಿಗೆ ಕಾನೂನು ಪೂರ್ತಿ ಬರುವುದಿಲ್ಲ.

ಏಪ್ರಿಲ್ ೧೯

ಯಾರೂ ಬರಲಿಲ್ಲ.

ಏಪ್ರಿಲ್ ೨೦

ಯಾರೂ ಬರಲಿಲ್ಲ. ಅವಲಕ್ಕಿ ನೆನೆಸಿದ್ದೆ, ಹುಲಿಗವ್ವನಿಗೆ ಕೊಟ್ಟೆ.

ಏಪ್ರಿಲ್ ೨೩

ಬಂದ! ನಾಲ್ಕು ದಿನ ಕೊಪ್ಪಳದಲ್ಲಿ ಯಾತ್ರಿಕರಿಗೆ ಸೂಜಿ ಹಾಕಿಸುವುದು, ತರಬೇತಿ ಎಂದು ಓಡಾಟವಂತೆ. ಹೇಳಿ ಹೋಗಬಾರದೇ? ನಾನೇನು ಕಾಯುತ್ತಿದ್ದೆ ಅಂತಲ್ಲ.

ಮಾಫಿಯ ಮಾತೇ ಎತ್ತಲಿಲ್ಲ. "ಭಾಬಿ, ಗಾದಿ ಕೊಡ್ರಿ, ಹೋಗೂಕಿಂತ ಮೊದ್ಲ ಒಂದ್ಸಲ ಪಿಂಜಿ ಕೊಡ್ತೀನಿ" ಎಂದ. ಎರಡು ಬೇಸಿಗೆಗೊಮ್ಮೆ ಇದೊಂದು ಅವನ ಹಟ. ತಾನೇ ಬಂದು ಗಾದಿ ಹೊತ್ತುಕೊಂಡು ಹೋಗುತ್ತಾನೆ, ಬೇರೆ ಯಾರ ಕೈಗೂ ಕೊಡುವುದಿಲ್ಲ, ಸಂಜೆಯೊಳಗೆ ಹೊಲಿದು ತಂದು ಹಾಸುತ್ತಾನೆ. ಕೂಲಿ ತೆಗೆದುಕೊಳ್ಳುವುದಿಲ್ಲ. ತಪ್ಪು ಮಾಡಿದ ಮನುಷ್ಯನ ಪುಕ್ಕಟೆ ದುಡಿಮೆ ಎಂದು ನಾನೂ ಇಷ್ಟು ವರ್ಷ ಮಾಡಿಸಿಕೊಂಡಿದ್ದೇನೆ.

ಇವತ್ತು ಬಿಸಿಲು ವಿಪರೀತ. ಆ ವಯಸ್ಸಿಗೆ ಗಾದಿ ತಲೆಯ ಮೇಲೆ ಹೊತ್ತು ಹೊರಟವನನ್ನು ನೋಡಿ, "ಶಫಿ, ಛತ್ರಿ ಒಯ್ಯಿ" ಎಂದೆ.

"ಗಾದಿನ ಛತ್ರಿ ಐತಲ್ರಿ ಭಾಬಿ" ಎಂದು ನಗುತ್ತ ಹೋದ. ಅವನ ಅಣ್ಣನೂ ಹೀಗೇ ಅನ್ನುತ್ತಿದ್ದರು.

ಏಪ್ರಿಲ್ ೨೭

ಬೀಳ್ಕೊಡುಗೆಯ ದಾವತ್. ಮಸೀದಿ ಮುಂದಿನ ಬಯಲಲ್ಲಿ ಶಾಮಿಯಾನ. ಗುಲಾಬಿ ಹಾರ ಎಷ್ಟು ಹಾಕಿದ್ದರೆಂದರೆ ಶಫಿಯ ಕಣ್ಣು ಮಾತ್ರ ಕಾಣುತ್ತಿತ್ತು. ಮೌಲಾನಾ ಮಾಫಿಯ ಮಹತ್ವ ಹೇಳಿದರು. ಆಮೇಲೆ ಶಫಿ ಎದ್ದು ಕೈ ಜೋಡಿಸಿ ಎಲ್ಲರನ್ನೂ ಕೇಳಿದ. ಇಡೀ ಶಾಮಿಯಾನ "ಮಾಫ್" ಎಂದಿತು. ಹೊಸ ದಿಂಬು ಸಿಕ್ಕವರು ಜೋರಾಗಿಯೇ ಅಂದರು.

ಹೆಂಗಸರ ಕಡೆ ಕೂತಿದ್ದ ನಾನು ಸುಮ್ಮನಿದ್ದೆ. ಎಷ್ಟೋ ಜನ ತಿರುಗಿ ನೋಡಿದರು. ಶಫಿ ಹಾರಗಳ ನಡುವಿನಿಂದ ನನ್ನ ಕಡೆಯೇ ನೋಡುತ್ತಿದ್ದ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಬಿರಿಯಾನಿ ರುಚಿಸಲಿಲ್ಲ. ಮನೆಗೆ ಬಂದು ಯೋಚಿಸಿದೆ. ನನಗೂ ಅವನಿಗೂ ವಯಸ್ಸಾಗಿದೆ. ಅಲ್ಲಿ ಬಿಸಿಲು, ನೂಕುನುಗ್ಗಲು. ಏನಾದರೂ ಆಗಿ ಅವನು ವಾಪಸ್ ಬರದಿದ್ದರೆ, 'ಯಾತಕ್ಕ' ಎಂಬ ನನ್ನ ಪ್ರಶ್ನೆಯನ್ನು ನಾನು ಏನು ಮಾಡಿಕೊಳ್ಳಲಿ? ಖಲಂದರ ಹೇಳಿದ್ದು ನಿಜವೇ ಇರಲಿ. ಗೊತ್ತಿದೆ ಎಂದು ಹೇಳಿ, ಮಾಫ್ ಅಂದು ಬಂದುಬಿಡುತ್ತೇನೆ.

ಏಪ್ರಿಲ್ ೨೯

ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಅಂಗಡಿಗೆ ಹೋದೆ. ಶಫಿ ಒಬ್ಬನೇ ಇದ್ದ. ಮೂಗು, ಮೀಸೆ, ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. ಭಾಷಣ ಮಾಡುವಂತೆ ನಿಂತುಕೊಂಡೇ ಹೇಳಿದೆ.

"ಶಫಿ, ನನಗ ಎಲ್ಲಾ ಗೊತ್ತು. ನಿಶಾತನ ಗಾದ್ಯಾಗ ಮಿಲ್ಲಿನ ಕಸದ ಹತ್ತಿ ತುಂಬಿದಿ. ಮದುವಿ ದಿನಾನ ಗೊತ್ತಾಗಿತ್ತು. ಗೊತ್ತಿದ್ದೂ ಮಾಫ್ ಮಾಡೀನಿ. ಹೋಗಿ ಬಾ."

ನಿರಾಳವಾಗಿ ಉಸಿರು ಬಿಡುತ್ತಾನೆ ಎಂದುಕೊಂಡಿದ್ದೆ. ಅವನು ಸೂಜಿ ಕೆಳಗಿಟ್ಟ.

"ಅದು ಅರ್ಧಾ ರೀ ಭಾಬಿ. ನೀವು ಅರ್ಧಾ ಮಾಫ್ ಮಾಡೀರಿ."

"ಇನ್ನರ್ಧ ಏನು? ಜವಾರಿ ಹತ್ತಿ ಯಾರಿಗೆ ಮಾರಿದಿ, ಅದನೂ ಹೇಳಿಬಿಡು."

"ಮಾರಿಲ್ರಿ."

"ಮತ್ತೆಲ್ಲಿ ಐತಿ?"

"ನಿಮ್ಮ ಮನ್ಯಾಗ. ದಿನಾ ಅದರ ಮ್ಯಾಲೆ ಮಕ್ಕೊಂತೀರಿ."

ನನಗೆ ಅರ್ಥವಾಗಲೇ ಇಲ್ಲ. ಅವನೇ ತಲೆ ಬಗ್ಗಿಸಿಕೊಂಡು ಹೇಳುತ್ತ ಹೋದ. ನನ್ನವರು ತೀರಿಕೊಂಡ ಮೇಲೆ ನಾನು ಇದ್ದತ್ತಿನಲ್ಲಿ, ಹೊರಗೆ ಹೋಗದೆ ಮನೆಯೊಳಗೇ ಕಳೆಯುವ ಆ ನಾಲ್ಕು ತಿಂಗಳಲ್ಲಿ, ಬರೀ ಚಾಪೆಯ ಮೇಲೆ ಮಲಗುತ್ತಿದ್ದೆ. ಒಂದು ದಿನ ಅವನು ರೇಷನ್ ಕೊಡಲು ಬಂದಾಗ ನಾನು ನಮಾಜಿನಿಂದ ಏಳಲಾಗದೆ ಗೋಡೆ ಹಿಡಿದು ಅಳುತ್ತಿದ್ದೆನಂತೆ. ನನಗೆ ನೆನಪಿಲ್ಲ.

"ಅವತ್ತ ಅಣ್ಣನ ಹಳೇ ಗಾದಿ ಒಯ್ದೆ. ಅದರಾಗಿನ ಹತ್ತಿ ಪುಡಿಯಾಗಿತ್ತು. ಅಟ್ಟದ ಮ್ಯಾಲಿನ ಎರಡೂ ಚೀಲ ಇಳಿಸಿ ಅಣ್ಣನ ಗಾದಿ ಬಟ್ಟಿಯೊಳಗ ತುಂಬಿದೆ. ನಿಶಾತನ ಮದುವಿಗೆ ಇನ್ನೂ ಟೈಮ್ ಐತಿ, ಮತ್ತ ಕೂಡಿಸಿದ್ರಾತು ಅಂದ್ಕೊಂಡೆ. ಯಲಬುರ್ಗಾ, ಅಳವಂಡಿ, ಎಲ್ಲಾ ಕಡೆ ತಿರುಗಿದೆ ರೀ ಭಾಬಿ. ಜವಾರಿ ಬಿತ್ತೋರ ಯಾರೂ ಉಳದಿರ್ಲಿಲ್ಲ. ಎಲ್ಲಾ ಬೀಟಿ."

"ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಏನ್ ಮಾಡ್ತಿದ್ರಿ?"

ಅವತ್ತೇ ಗಾದಿ ಹರಿದು, ಹತ್ತಿ ಮಗಳಿಗೆಂದು ತೆಗೆದಿಟ್ಟು, ಮತ್ತೆ ಚಾಪೆ ಹಾಸಿಕೊಳ್ಳುತ್ತಿದ್ದೆ. ಅವನಿಗೆ ನಾನು ಗೊತ್ತು.

"ಅದು ನಿಶಾತಂದು. ಅಮಾನತ್ ಮುರದಿದ್ದು ಖರೇನ" ಎಂದ. "ಆಕಿ ಮುಂದ ನಿಂತು ಹೇಳಾಕ ಧೈರ್ಯ ಆಗ್ಲಿಲ್ಲ. ತಾಯಿ ಮಾಫ್ ಅಂದ್ರ ಮಗಳು ಅಂದಂಗ ಅಂತ ನಿಮ್ಮ ಮನಿಗೆ ಅಡ್ಡಾಡಿದೆ."

ಅಮಾನತ್ ಯಾರದು ಎಂದು ಖಲಂದರ ಅವತ್ತೇ ಕೇಳಿದ್ದ, ನಾನು ಸುಮ್ಮನೆ ಕೂರಿಸಿಬಿಟ್ಟಿದ್ದೆ. ಮೂರು ವಾರದಿಂದ ಊರನ್ನೆಲ್ಲ ಎದುರು ಹಾಕಿಕೊಂಡು ಗಟ್ಟಿಯಾಗಿ ಹಿಡಿದು ಕೂತದ್ದು ನನ್ನ ಮಾಫಿಯೇ ಅಲ್ಲ. ನನಗೆ ಎಲ್ಲ ಗೊತ್ತಿತ್ತು, ಯಾವ ಹತ್ತಿಯ ಮೇಲೆ ಮಲಗಿದ್ದೇನೆ ಎಂಬುದೊಂದನ್ನು ಬಿಟ್ಟು.

ಏಪ್ರಿಲ್ ೩೦

ಗಾದಿಯ ಮೂಲೆಯ ಹೊಲಿಗೆ ಬಿಚ್ಚಿ ಒಂದು ಹಿಡಿ ತೆಗೆದು ನೋಡಿದೆ. ಜವಾರಿಯೇ. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಅತ್ತೆ. ನನ್ನವರು ಇಷ್ಟು ವರ್ಷ ನನ್ನ ಬೆನ್ನ ಕೆಳಗೇ ಇದ್ದರು.

ಶಫಿಗೆ ಫೋನು ಮಾಡಿ, ನಾಳೆ ಮೊದಲ ಬಸ್ಸಿಗೆ ಗಂಗಾವತಿಗೆ ಹೊರಡೋಣ ಎಂದೆ. ಅವನು "ನೀವೂ?" ಎಂದ. ಅಮಾನತ್ ಮುರಿದವನು ಅವನು, ಅದರ ಮೇಲೆ ಮಲಗಿದವಳು ನಾನು. ಇಬ್ಬರೂ ಕೇಳಬೇಕು.

ಮೇ ೧

ಬಸ್ಸು ತಾವರಗೇರಾ ದಾಟಿದ ಮೇಲೆ ಧೈರ್ಯ ಮಾಡಿದೆ. "ಶಫಿ, ನನ್ನನ್ನ ಮಾಫ್ ಮಾಡು."

ಅವನು ನನ್ನ ಕಡೆ ತಿರುಗಿದ. ಮೀಸೆಯಡಿ ನಗು. "ಯಾತಕ್ಕ ಅಂತ ಹೇಳ್ರಿ ಭಾಬಿ."

"ಒಟ್ಟಾರೆ."

"ಒಟ್ಟಾರೆ ಅಂಬೋದು ನನ್ನ ಹತ್ರ ಇಲ್ರಿ."

ಹೇಳಬೇಕಾಯಿತು. ನಿನ್ನನ್ನು ಹತ್ತು ವರ್ಷ ಕಳ್ಳ ಅಂದುಕೊಂಡೆ, ಕಳ್ಳ ಅಂದುಕೊಂಡೇ ಪುಕ್ಕಟೆ ಗಾದಿ ಪಿಂಜಿಸಿಕೊಂಡೆ, ಶಾಮಿಯಾನದಲ್ಲಿ ಎಲ್ಲರ ಮುಂದೆ ಸುಮ್ಮನೆ ಕೂತೆ, ಎಲ್ಲವನ್ನೂ ಹೇಳಿದೆ. ಕನಕಗಿರಿ ಬಂದರೂ ಮುಗಿಯಲಿಲ್ಲ. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ನಮ್ಮ ಸೀಟಿಗೆ ಒರಗಿ ನಿಂತಿದ್ದ. ಕಡೆಗೆ ಅವನೇ, "ಮಾಫ್ ಮಾಡ್ರೀ ಯಜಮಾನ್ರ, ಪಾಪ ಹಿರ್ಯಾರು" ಎಂದ. ಶಫಿ ಮಾಫ್ ಮಾಡಿದ.

ನಿಶಾತ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಶಫಿ ಒಂದನ್ನೂ ಬಿಡದೆ ಎಲ್ಲ ಹೇಳಿದ: ಚೀಲ, ಅಣ್ಣನ ಮಾತು, ನನ್ನ ಸೊಂಟ, ಮಿಲ್ಲಿನ ಕಸ. ಅವಳು ಪೂರ್ತಿ ಕೇಳಿ ನಗಲು ಶುರು ಮಾಡಿದಳು.

"ಕಾಕಾ, ಆ ಗಾದಿ ಎರಡನೇ ವರ್ಷಕ್ಕ ಗಂಟುಗಂಟಾತು. ನಿಮಗ ಬ್ಯಾಸರ ಆಗ್ತೈತಿ ಅಂತ ಹೇಳಿಲ್ಲ. ಹೂವಿನ ಬಟ್ಟಿ ಬಿಚ್ಚಿ ಫೋಮ್ ಗಾದಿಗೆ ಹಾಕೀನಿ. ನೀವು ಬಂದಾಗೆಲ್ಲ ಮುಟ್ಟದ ದೂರ ನಿಂತು ಅದನ್ನ ನೋಡತಿದ್ರಿ, ನನಗ ನಗು ತಡಿಯಾಕ ಆಗ್ತಿದ್ದಿಲ್ಲ." ಆಮೇಲೆ ಅವನ ಕೈ ಹಿಡಿದು, "ಅಬ್ಬಾನ ಹತ್ತಿ ಅಮ್ಮಿಗೆ ಹೋಗೈತಿ. ನನಗ ಕೊಟ್ಟಿದ್ರೂ ನಾ ಆಕಿಗೇ ಕೊಡ್ತಿದ್ದೆ. ಎಲ್ಲಾ ತಿಳಕೊಂಡ ಹೇಳ್ತೀನಿ, ಮಾಫ್" ಎಂದಳು. ಶಫಿ ಮಗುವಿನ ಹಾಗೆ ಅತ್ತ. ಅಳಿಯ ವಾಹೀದ ನೀರು ತಂದುಕೊಟ್ಟ.

"ನನ್ನದೂ?" ಎಂದೆ.

"ನಿನ್ನದು ಯಾತಕ್ಕ?"

ಇನ್ನೇನು ಮುಚ್ಚುವುದು? ಆ ಗಾದಿಯ ಮೇಲೆ ಮಲಗಲಾರದೆ ಇಷ್ಟು ವರ್ಷ ಐದರ ಬಸ್ಸು ಹಿಡಿದೆ ಎಂದೆ. ನಿಶಾತಳ ನಗು ನಿಂತಿತು.

"ನಮ್ಮ ಮನಿ ನಿನಗ ಹಿಡಿಸಿಲ್ಲ ಅಂತ ತಿಳಕೊಂಡಿದ್ದೆ ಅಮ್ಮಿ. ವಾಹೀದರು ಏನರ ಅಂದ್ರೇನೋ ಅಂತ ಅವರ ಜೊತಿ ಎಷ್ಟ್ ಸಲ ಜಗಳಾ ಮಾಡೀನಿ. ಇಲ್ಲದ ಗಾದಿ ಸಲುವಾಗಿ!" ಕಣ್ಣು ಒರೆಸಿಕೊಂಡಳು. "ಕಾಕಾಂದು ಮಾಫ್. ನಿನ್ನದು ಇಲ್ಲ. ಇವತ್ತ ಇಲ್ಲೇ ಇರು, ನಾಳೆ ಕೇಳು, ನೋಡೂಣು."

ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಶಫಿಯನ್ನು ಕಳಿಸಿದೆ. ಐದರ ಬಸ್ಸನ್ನು ಹೊರಗೆ ನಿಂತು ನೋಡಿದ್ದು ಇದೇ ಮೊದಲು.

ಮೇ ೪

ಇನ್ನೂ ಗಂಗಾವತಿಯಲ್ಲೇ ಇದ್ದೇನೆ. ಫೋಮ್ ಗಾದಿ ಅಷ್ಟೇನೂ ಕೆಟ್ಟದ್ದಲ್ಲ. ದಿನಾ ಚಹಾ ಕುಡಿಯುವಾಗ ಕೇಳುತ್ತೇನೆ, ನಿಶಾತ ದಿನಾ "ನಾಳೆ ನೋಡೂಣು" ಅನ್ನುತ್ತಾಳೆ. ಯಾರ ಮಗಳು!

ಮಧ್ಯಾಹ್ನ ಬೆಂಗಳೂರಿನಿಂದ ಶಫಿಯ ಫೋನು. ವಿಮಾನ ಹೊರಡುವುದರಲ್ಲಿತ್ತು.

"ಭಾಬಿ, ನಿಶಾತ ಮಾಫ್ ಮಾಡಿದ್ಲಾ?"

"ಇಲ್ಲ."

"ಚಿಂತಿ ಮಾಡಬ್ಯಾಡ್ರಿ, ಅಲ್ಲಿ ಹೋದ ಕೂಡ್ಲೆ ನಿಮ್ಮ ಸಲುವಾಗಿ ದುವಾ ಕೇಳ್ತೀನಿ."

ಅಡುಗೆಮನೆಯಲ್ಲಿ ನಿಶಾತ ನನಗೆಂದು ರೊಟ್ಟಿ ಬಡಿಯುತ್ತಿದ್ದಳು.

"ಅವಸರ ಮಾಡಬ್ಯಾಡೋ ಶಫಿ" ಎಂದೆ.